ಮಳೆಗಾಲದ ಬೆಳಕಿನಲ್ಲಿ ಉಡುಪಿ ಸೀರೆ

ಆನ್‌ಲೈನ್‌ನಲ್ಲಿ ಸೀರೆ ಮಾರುವವರನ್ನು ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಮಾತಿಗೆಳೆದು ನೋಡಿ. ಅವರ ತಲೆ ತಿನ್ನುವ ದೂರು ಬೆಲೆಯದ್ದಲ್ಲ, ಬಣ್ಣದ್ದು. ‘ಫೋಟೋದಲ್ಲಿ ಕನಕಾಂಬರದ ಬಣ್ಣ, ಕೈಗೆ ಬಂದದ್ದು ಇಟ್ಟಿಗೆ ಬಣ್ಣ’ ಎಂದು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಪಾರ್ಸೆಲ್ ವಾಪಸು ಬರುತ್ತದೆ. ಮಾರಿದವರು ಮೋಸ ಮಾಡಿರುವುದಿಲ್ಲ, ಕೊಂಡವರದ್ದೂ ಸುಮ್ಮನೆ ತೆಗೆದ ತಕರಾರಲ್ಲ. ಗೊಂದಲ ಹುಟ್ಟುವುದು ಅಂಗಡಿಯ ದೀಪ ಮತ್ತು ಮೊಬೈಲ್ ಕ್ಯಾಮೆರಾಗಳ ನಡುವೆ.

ನಮ್ಮ ಮಿದುಳಿಗೆ ಒಂದು ವಿಚಿತ್ರ ಚಾಕಚಕ್ಯತೆ ಇದೆ. ಬೆಳಕಿನ ಬಣ್ಣವನ್ನು ಲೆಕ್ಕದಿಂದ ಕಳೆದು, ವಸ್ತುವಿನ ಬಣ್ಣವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್ ಎಂಬ ಮಾನದಲ್ಲಿ; ಅಂಕಿ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಹಳೆಯ ಕಾಲದ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಅಂದರೆ ಚೆನ್ನಾಗಿ ಹಳದಿ. ನಡುಮಧ್ಯಾಹ್ನದ ಬಿಸಿಲು ಸುಮಾರು 5500, ಮೋಡ ಕವಿದ ಆಕಾಶ 6500ರ ಹತ್ತಿರ, ತುಸು ನೀಲಿ. ಈ ಮೂರರಲ್ಲೂ ಬಿಳಿ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾವೂ ಈ ಕಳೆಯುವ ಲೆಕ್ಕ ಮಾಡಲು ಹೆಣಗುತ್ತದೆ. ಆದರೆ ಅಂಗಡಿಯೊಳಗೆ ಎಲ್‌ಇಡಿ, ಬಾಗಿಲಿನಿಂದ ಬಿಸಿಲು, ಗಾಜಿನ ಕಪಾಟಿನೊಳಗೆ ಹಳದಿ ದೀಪ ಎಂದು ಮೂರು ಬೆಳಕು ಒಟ್ಟಿಗೆ ಬಿದ್ದರೆ ಯಾವುದನ್ನು ಕಳೆಯಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮಿದುಳೂ ಒಮ್ಮೊಮ್ಮೆ ಎಡವುವುದುಂಟು. 2015ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಮದುವೆಯೊಂದರ ಉಡುಪಿನ ಫೋಟೋ ಲೋಕವನ್ನೇ ಎರಡು ಪಕ್ಷ ಮಾಡಿತ್ತು. ಕೆಲವರಿಗೆ ಅದು ಬಿಳಿ ಮತ್ತು ಚಿನ್ನದ ಬಣ್ಣ, ಕೆಲವರಿಗೆ ನೀಲಿ ಮತ್ತು ಕಪ್ಪು. ನಿಜವಾಗಿ ಅದು ನೀಲಿ-ಕಪ್ಪು. ಫೋಟೋದಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಸುಳಿವು ಇರಲಿಲ್ಲ. ಹಾಗಾಗಿ ಒಬ್ಬೊಬ್ಬರ ಮಿದುಳು ಒಂದೊಂದು ಬೆಳಕನ್ನು ಊಹಿಸಿಕೊಂಡು ಕಳೆಯಿತು.

ಆದ್ದರಿಂದ ಫೋಟೋ ತೆಗೆಯುವ ಮೊದಲಿನ ಕೆಲಸ ದೀಪ ಹಚ್ಚುವುದಲ್ಲ, ಆರಿಸುವುದು. ಕರಾವಳಿಯವರಿಗೆ ಇಲ್ಲೊಂದು ಪುಕ್ಕಟೆ ಅನುಕೂಲ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಶಪಿಸುವ ಅದೇ ಮೋಡದ ಕೆಳಗೆ ಸೀರೆಯ ಫೋಟೋ ಸೊಗಸಾಗಿ ಬರುತ್ತದೆ. ನೆರಳಿನ ಅಂಚು ಗಡುಸೋ ಮೃದುವೋ ಎಂಬುದು ಬೆಳಕಿನ ಮೂಲ ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ ಜಾಗ ಹಿಡಿಯುತ್ತಾನೆ, ಅವನ ನೆರಳು ಕತ್ತರಿಸಿಟ್ಟಷ್ಟು ಚೂಪು. ಮೋಡ ಕವಿದಾಗ ಇಡೀ ಆಕಾಶವೇ ದೀಪ. ಸ್ಟುಡಿಯೋದಲ್ಲಿ ಬಿಳಿ ಕೊಡೆ, ಬಿಳಿ ಪೆಟ್ಟಿಗೆ ಕಟ್ಟಿ ದುಡ್ಡು ಸುರಿದು ಮಾಡುವುದು ಇದನ್ನೇ. ಪಡಸಾಲೆಯ ಕಿಟಕಿಯ ಪಕ್ಕ ಸೀರೆ ಹರಡಿ, ಬೆಳಕು ಬದಿಯಿಂದ ಓರೆಯಾಗಿ ಬೀಳುವಂತೆ ಮಾಡಿದರೆ ನೂಲಿನ ಉಬ್ಬುತಗ್ಗೂ ಎದ್ದು ಕಾಣುತ್ತದೆ. ಮೊಬೈಲಿನ ಫ್ಲಾಶ್ ನೇರ ಎದುರಿನಿಂದ ಹೊಡೆದು ಈ ಉಬ್ಬುತಗ್ಗನ್ನೆಲ್ಲ ಅಳಿಸಿಹಾಕುತ್ತದೆ. ಬಟ್ಟೆಯ ಫೋಟೋಗೆ ಫ್ಲಾಶ್ ಬಳಸುವುದು ನನ್ನ ಮಟ್ಟಿಗೆ ಅಪರಾಧವೇ.

ಇನ್ನು ಉಡುಪಿ ಸೀರೆಯ ಚೌಕುಳಿ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಹತ್ತಿ ಸೀರೆಯನ್ನು ದಕ್ಷಿಣ ಕನ್ನಡದ ಕಿನ್ನಿಗೋಳಿಯ ತಾಳಿಪಾಡಿಯಂಥ ಕಡೆ ಇಂದಿಗೂ ಕೈಮಗ್ಗದಲ್ಲಿ ನೇಯುತ್ತಾರೆ. ಸಣ್ಣ ಚೌಕುಳಿಯ ಸೀರೆಯನ್ನು ಮೊಬೈಲಿನಲ್ಲಿ ಸೆರೆಹಿಡಿದವರಿಗೆ ಒಂದು ಅನುಭವ ಆಗಿರುತ್ತದೆ: ಸೀರೆಯಲ್ಲಿ ಇಲ್ಲದ ಕಾಮನಬಿಲ್ಲಿನ ಅಲೆಗಳು ಫೋಟೋದ ಉದ್ದಕ್ಕೂ ಹರಿದಾಡುತ್ತವೆ. ಇದಕ್ಕೆ ಮೋಯ್ರೆ ಎಂದು ಹೆಸರು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ತುಸು ತಿರುಗಿಸಿದರೆ ಏಳುವ ಅಲೆಯೂ ಇದೇ. ಇಲ್ಲಿ ಒಂದು ಪರದೆ ಸೀರೆಯ ನೂಲುಗಳದ್ದು, ಇನ್ನೊಂದು ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸಂವೇದಕದ್ದು (ಸೆನ್ಸರ್). ಸಂವೇದಕದ ಪ್ರತಿ ಪಿಕ್ಸೆಲ್, ಅಂದರೆ ಪ್ರತಿ ಚುಕ್ಕಿ, ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರಿಗೆ ಮೀಸಲು, ಉಳಿದರ್ಧವನ್ನು ಕೆಂಪು-ನೀಲಿಗಳು ಹಂಚಿಕೊಳ್ಳುತ್ತವೆ. ಒಂದು ಪಿಕ್ಸೆಲ್‌ನಲ್ಲಿ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಊಹಿಸಿ ತುಂಬಲಾಗುತ್ತದೆ. ಗೋಡೆ, ಮುಖ, ಮರಗಳ ಮಟ್ಟಿಗೆ ಈ ಊಹೆ ಸಾಕು. ಚೌಕುಳಿಯ ಗೆರೆಗಳು ಪಿಕ್ಸೆಲ್‌ಗಳಷ್ಟೇ ಒತ್ತೊತ್ತಾಗಿ ಬಿದ್ದಾಗ ಮಾತ್ರ ಲೆಕ್ಕ ತಪ್ಪಿ ಇಲ್ಲದ ಬಣ್ಣ ಹುಟ್ಟುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲವೇ ಹಿಂದೆ ಸರಿಯಿರಿ. ಮೊಬೈಲನ್ನು ತುಸು ಓರೆ ಹಿಡಿಯಿರಿ. ಅಲೆ ಕರಗುವ ಒಂದು ಜಾಗ ಸಿಕ್ಕೇ ಸಿಗುತ್ತದೆ. ಆದರೆ ಜಾಹೀರಾತಿನಲ್ಲಿ ಫೋಟೋ ಹೆಬ್ಬೆರಳಿನಷ್ಟಾಗಿ ಕುಗ್ಗಿದಾಗ ಅದೇ ಅಲೆ ಮತ್ತೆ ಹುಟ್ಟಬಹುದು, ಇಲ್ಲವೇ ಚೌಕುಳಿಯೇ ಮಾಯವಾಗಿ ಸೀರೆ ಸಪಾಟು ಬಣ್ಣದ್ದಾಗಿ ಕಾಣಬಹುದು. ಆದ್ದರಿಂದ ಮೊದಲ ಚಿತ್ರಕ್ಕೆ ಪೂರ್ತಿ ಬಿಡಿಸಿದ ಸೀರೆ ಬೇಡ. ಅಂಚೂ ಸೆರಗೂ ಮೇಲೆ ಬರುವಂತೆ ಮಡಚಿದ ಸೀರೆ, ಗೆರೆಗಳು ಎಣಿಸಲು ಬರುವಷ್ಟು ಹತ್ತಿರದಿಂದ.

ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ ಇರುವ ಸೀರೆಗಳ ಪಾಡು ಬೇರೆ. ನೋಡುವ ಕೋನ ಬದಲಾದಂತೆ ಎರಡು ಬಣ್ಣಗಳಲ್ಲಿ ಒಂದು ಮುಂದೆ ಬರುತ್ತದೆ, ಇನ್ನೊಂದು ಅಡಗುತ್ತದೆ. ಅದರ ‘ನಿಜವಾದ’ ಬಣ್ಣ ಯಾವ ಒಂದು ಫೋಟೋದಲ್ಲೂ ಇರಲು ಸಾಧ್ಯವಿಲ್ಲ. ಅಲ್ಲಿ ಕೈಯಲ್ಲಿ ಹಿಡಿದು ಅಲುಗಾಡಿಸಿದ ಕೆಲವು ಸೆಕೆಂಡಿನ ವಿಡಿಯೋ ಹತ್ತು ಫೋಟೋಗಿಂತ ಮೇಲು.

ಉಡುಪಿ ಬಳಿಯ ಶಂಕರಪುರದ ಮಲ್ಲಿಗೆಯದ್ದು ಬಣ್ಣದ ಸಮಸ್ಯೆಯಲ್ಲ, ಬಿಳುಪಿನದ್ದು. ಕ್ಯಾಮೆರಾ ಬೆಳಕನ್ನು ಅಳೆಯುವಾಗ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ನಂಬಿಕೊಂಡಿರುತ್ತದೆ. ಒಂದು ಚೆಂಡು ಮಲ್ಲಿಗೆಯನ್ನು ಬಿಳಿ ಬಟ್ಟೆಯ ಮೇಲಿಟ್ಟರೆ ‘ಇಷ್ಟೊಂದು ಬೆಳಕೇ’ ಎಂದು ಗಾಬರಿಬಿದ್ದು ಇಡೀ ಚಿತ್ರವನ್ನು ಮಂಕಾಗಿಸುತ್ತದೆ, ಹೂವು ನಿನ್ನೆಯದ್ದರಂತೆ ಕಾಣುತ್ತದೆ. ಕಡುಹಸಿರು ಬಾಳೆಲೆಯ ಮೇಲಿಟ್ಟರೆ ಕತ್ತಲೆಂದು ಭಾವಿಸಿ ಬೆಳಕು ಹೆಚ್ಚಿಸುತ್ತದೆ, ಮೊಗ್ಗಿನ ಎಸಳುಗಳು ಸುಟ್ಟು ಬರೀ ಬಿಳಿ ಮಚ್ಚೆಯಾಗುತ್ತವೆ. ಪರದೆಯಲ್ಲಿ ಹೂವಿನ ಮೇಲೆ ಬೆರಳೊತ್ತಿ, ಅನೇಕ ಮೊಬೈಲ್‌ಗಳಲ್ಲಿ ಪಕ್ಕದಲ್ಲೇ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಸರಿಹೋಗುತ್ತದೆ.

ಹಾಗಾದರೆ ಅಮೆಜಾನ್ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆಯನ್ನೇ ಏಕೆ ಕೇಳುತ್ತದೆ? ಒಂದು ಕಾರಣ ಪುಟದ ಒಪ್ಪ. ಬಿಳಿಯ ಇನ್ನೊಂದು ಲಾಭ ತಿಳಿಯಲು 19ನೇ ಶತಮಾನದ ಪ್ಯಾರಿಸ್‌ಗೆ ಹೋಗಬೇಕು. ಗೋಬ್ಲಾ ಜವಳಿ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೊಲ್‌ಗೆ ದೂರು ಬಂದಿತ್ತು: ನಿಮ್ಮ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ. ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ, ಪಕ್ಕದಲ್ಲಿದ್ದ ಗಾಢ ನೀಲಿ ನೂಲುಗಳು ಅದನ್ನು ಪೇಲವವಾಗಿ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬುದನ್ನು ಆತ 1839ರಲ್ಲಿ ವಿವರವಾಗಿ ಪ್ರಕಟಿಸಿದ. ರಥಬೀದಿಯ ವ್ಯಾಪಾರಿಗೆ ಬರುವ ದೂರೂ ಅದೇ ಜಾತಿಯದ್ದು. ಕೆಂಪು ಜಮಖಾನದ ಮೇಲೆ ಹಾಸಿದ ಬೂದು ಸೀರೆಗೆ ಹಸಿರು ಛಾಯೆ ಬಂದು ಸೇರುತ್ತದೆ. ಬಿಳಿ ಹಿನ್ನೆಲೆ ಅಂಥ ಛಾಯೆ ಸೇರಿಸುವುದಿಲ್ಲ. ವಸ್ತು ಚೌಕಟ್ಟಿನ ಶೇಕಡಾ 85ರಷ್ಟನ್ನು ತುಂಬಬೇಕು ಎಂದು ಅಮೆಜಾನ್ ಹೇಳಿದರೆ, ಗೂಗಲ್ ಶಾಪಿಂಗ್ 75ರಿಂದ 90 ಎನ್ನುತ್ತದೆ. ‘ಭಾರೀ ರಿಯಾಯಿತಿ’ ಎಂಬ ಬರಹ ಮೇಲಿದ್ದರೆ ಚಿತ್ರವನ್ನೇ ತಿರಸ್ಕರಿಸುತ್ತದೆ. ನಮ್ಮವರಿಗೆ ಈ ಕೊನೆಯ ನಿಯಮವೇ ನುಂಗಲಾರದ ತುತ್ತು.

ಹಿತ್ತಾಳೆಯ ಕಾಲುದೀಪದ ಬಗ್ಗೆ ಎರಡೇ ಮಾತು. ಹೊಳೆಯುವ ಲೋಹಕ್ಕೆ ತನ್ನದೆಂಬ ಮುಖ ಕಡಿಮೆ, ಸುತ್ತಲಿನದ್ದೇ ಹೆಚ್ಚು. ಎಷ್ಟೋ ಜಾಹೀರಾತುಗಳಲ್ಲಿ ದೀಪದ ಹೊಟ್ಟೆಯನ್ನು ದಿಟ್ಟಿಸಿದರೆ ಬನಿಯನ್ ತೊಟ್ಟ ಫೋಟೋಗ್ರಾಫರ್ ಕಾಣಿಸುತ್ತಾರೆ. ಎರಡೂ ಬದಿ ಬಿಳಿ ಬೆಡ್‌ಶೀಟ್ ಇಳಿಬಿಟ್ಟು, ದೂರ ನಿಂತು ಜೂಮ್ ಮಾಡಿದರೆ ಆಯಿತು. ತೀರಾ ಹತ್ತಿರ ಹೋದರೆ ಮುಂದಿನ ಭಾಗ ಊದಿ, ಪೀಠ ಕುಗ್ಗಿ ದೀಪದ ಅಳತೆಯೇ ಸುಳ್ಳಾಗುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ. ಮಡಚಿದ ಸೀರೆಯ ಒಂದು ಫೋಟೋ ಕೊಟ್ಟರೆ ಅದನ್ನು ಉಟ್ಟ ರೂಪದರ್ಶಿಯನ್ನು ಮಲ್ಪೆಯ ಕಡಲತೀರದಲ್ಲಿ ನಿಲ್ಲಿಸುತ್ತವೆ. ಫೋಟೋದಲ್ಲಿ ಕಾಣದ ನೆರಿಗೆ, ಸೆರಗು, ಅಂಚುಗಳನ್ನು ಅವು ಊಹಿಸಿ ಬರೆಯುತ್ತವೆ, ಚೌಕುಳಿಯ ಗಾತ್ರವೂ ಅಂಚಿನ ಅಗಲವೂ ಆ ಊಹೆಯಲ್ಲಿ ಹಿಗ್ಗಬಹುದು, ಕುಗ್ಗಬಹುದು. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಮಾರಾಟಗಾರರು ಹಾಕುವ ಚಿತ್ರ ವಸ್ತುವಿನ ನೋಟಕ್ಕೂ ಗುಣಕ್ಕೂ ತಾಳೆಯಾಗಬೇಕು, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಕಡಲತೀರದ ಚಿತ್ರ ಬೇಕಿದ್ದರೆ ಇರಲಿ, ಅದರ ಪಕ್ಕದಲ್ಲಿ ಕಿಟಕಿಯ ಬೆಳಕಿನಲ್ಲಿ ತೆಗೆದದ್ದೊಂದು ಇರಬೇಕು: ಅಂಚಿನ ಮೇಲೆ ಅಡ್ಡಲಾಗಿ ಒಂದು ಸ್ಕೇಲ್, ಒಂದು ಮೂಲೆ ಮಗುಚಿ ಹಿಂಬದಿಯ ನೇಯ್ಗೆ. ಅಮೆಜಾನ್‌ನಲ್ಲಿ ಗಿರಾಕಿಗಳು ಅದನ್ನು ಹಿಗ್ಗಿಸಿ ನೋಡಬೇಕಾದರೆ ಚಿತ್ರದ ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಅಂಗಡಿಯಿಂದ ಮಣಿಪಾಲದಲ್ಲಿ ಓದುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ ‘ಅಪ್‌ಲೋಡ್ ಮಾಡು’ ಎನ್ನುವವರು ಅದನ್ನು ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲವಾದರೆ ದಾರಿಯಲ್ಲೇ ಚಿತ್ರ ಕುಗ್ಗಿ, ಚೌಕುಳಿಯ ಗೆರೆಗಳು ಕಲಸಿಹೋಗಿರುತ್ತವೆ.