ಡಾಲರನ್ನು ಗುಣಿಸಿದರೆ ಬೆಲೆ ಆಗೋದಿಲ್ಲ

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಹೋದ ತಿಂಗಳು ಮೊಬೈಲ್ ತಂದು ನನ್ನ ಮುಂದೆ ಹಿಡಿದ. ಒಂದು ಆನ್‌ಲೈನ್ ಗೇಮಿನ ಚಂದಾ, ತಿಂಗಳಿಗೆ 1,299 ರೂಪಾಯಿ. "ಮಾಮಾ, ನೀನು ಇದೇ ಕೆಲಸ ಮಾಡೋದಲ್ವಾ? ಇದು ನನ್ನ ಮೆಸ್ ಬಿಲ್ಲಿನ ಅರ್ಧ."

ಹೌದು, ಗೇಮುಗಳಿಗೆ ಒಂದೊಂದು ದೇಶಕ್ಕೂ ಬೆಲೆ ಕೂರಿಸುವುದೇ ನನ್ನ ಕೆಲಸ. ಆ 1,299 ಎಲ್ಲಿಂದ ಬಂತು ಅಂತ ನೋಡಿದ ಕೂಡಲೇ ಗೊತ್ತಾಯಿತು. 14.99 ಡಾಲರ್. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಗೇಮ್ ಅಮೆರಿಕದಲ್ಲಿ ಇಟ್ಟ ತಿಂಗಳ ಚಂದಾ ಅದು, ಆಮೇಲೆ ಬಂದ ಎಷ್ಟೋ ಗೇಮುಗಳು ಅದರ ಆಸುಪಾಸಿನಲ್ಲೇ ನಿಂತವು. ಇಲ್ಲಿ ಯಾರೋ ಅದನ್ನು ಡಾಲರ್ ದರದಿಂದ ಗುಣಿಸಿ, ಕೊನೆಗೆ 99 ಬರುವ ಹಾಗೆ ಸರಿಮಾಡಿ, ದೇಶವಾರು ಬೆಲೆ ಬರೆಯುವ ಶೀಟಿನ ಮುಂದಿನ ಸಾಲಿಗೆ ಹೋಗಿದ್ದಾರೆ.

ಇದು ತಪ್ಪು. ಡಾಲರ್ ದರ ಹಣ ಬದಲಿಸುವವರ ಲೆಕ್ಕ, ಜೇಬಿನ ಲೆಕ್ಕ ಬೇರೆ. ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಅಂಕಿ ನೋಡಿದರೆ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಇಲ್ಲಿ ಇಪ್ಪತ್ತು ಚಿಲ್ಲರೆ ರೂಪಾಯಿಗೆ ಸಿಗುತ್ತದೆ. ಹಾಗಾದರೆ 15 ಡಾಲರ್ ಅಂದರೆ ಸುಮಾರು 300 ರೂಪಾಯಿ. ನಾನು ಇದನ್ನು ಇನ್ನೊಂದು ಕಡೆಯಿಂದಲೂ ತೂಗಿ ನೋಡುತ್ತೇನೆ, ಅದು ಮೊಬೈಲ್ ರೀಚಾರ್ಜ್. 28 ದಿನದ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಕೂಡ 300ರ ಹತ್ತಿರವೇ ಇದೆ. ಇಂಟರ್ನೆಟ್ಟಿಗೆ ಕೊಟ್ಟದ್ದರ ನಾಲ್ಕು ಪಟ್ಟು ಒಂದು ಗೇಮಿಗೆ ಕೊಡು ಅಂದರೆ ಹುಡುಗರು ಎಲ್ಲಿಂದ ತರಬೇಕು?

ಮೀಟಿಂಗಿನಲ್ಲಿ ಯಾವಾಗಲೂ ಬರುವ ಪ್ರಶ್ನೆ, "ಅಷ್ಟಕ್ಕೆ ಕೊಟ್ಟರೆ ನಷ್ಟ ಅಲ್ವಾ?" ಲೆಕ್ಕ ಹಾಕೋಣ. 299ರಲ್ಲಿ 18% ಜಿಎಸ್‌ಟಿ ಹೋದರೆ 253 ಉಳಿಯುತ್ತದೆ. ಆ್ಯಪ್ ಅಂಗಡಿ 30% ಹಿಡಿದುಕೊಂಡರೂ ಕೈಗೆ 177 ಬರುತ್ತದೆ. ಗೇಮ್ ಆಗಲೇ ತಯಾರಾಗಿದೆ. ಒಬ್ಬ ಹೊಸ ಆಟಗಾರ ಸೇರಿದರೆ ಸರ್ವರ್ ನಡೆಸುವುದಕ್ಕೂ ಗ್ರಾಹಕ ಸಹಾಯಕ್ಕೂ ಬೀಳುವ ಹೆಚ್ಚಿನ ಖರ್ಚು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. 1,299 ಇಟ್ಟರೆ ಅದೇ ಹುಡುಗನಿಂದ ಬರುವುದು ಸೊನ್ನೆ. ಇಲ್ಲಾಂದ್ರೆ ನಾಲ್ಕು ಜನ ಸೇರಿ ಒಂದೇ ಅಕೌಂಟ್ ಹಂಚಿಕೊಳ್ಳುತ್ತಾರೆ.

ಇಲ್ಲಿನ ಕಡಿಮೆ ಬೆಲೆಗೆ ಬೇರೆ ದೇಶದವರೂ ಕೊಂಡುಬಿಡುತ್ತಾರೆ ಅನ್ನುವ ಕಂಪನಿಗಳ ಭಯ ಸುಳ್ಳಲ್ಲ. ಅರ್ಜೆಂಟೀನಾ ಮತ್ತು ಟರ್ಕಿಯಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಬೆಲೆ ತೀರಾ ಕಡಿಮೆ ಇತ್ತು ಅಂತ ಬೇರೆ ದೇಶದವರು, ತಾವಿರುವ ದೇಶ ಮರೆಮಾಚುವ ವಿಪಿಎನ್ ಹಾಕಿಕೊಂಡು ಅಲ್ಲಿಂದ ಖರೀದಿಸುತ್ತಿದ್ದರು. ಅದರ ಮೇಲೆ ಅಲ್ಲಿನ ಹಣ, ಪೆಸೊ ಮತ್ತು ಲಿರಾ, ಎರಡೂ ಕುಸಿಯುತ್ತಲೇ ಇದ್ದವು, ಬೆಲೆಯನ್ನು ಒಂದೇ ಕಡೆ ನಿಲ್ಲಿಸಿಡುವುದೇ ಕಷ್ಟವಾಯಿತು. ಕೊನೆಗೆ 2023ರ ನವೆಂಬರಿನಲ್ಲಿ ಸ್ಟೀಮ್ ಎರಡೂ ಕಡೆ ಡಾಲರ್ ಬೆಲೆ ತಂದಿತು. ಏಟು ಬಿದ್ದದ್ದು ಅಲ್ಲೇ ಹುಟ್ಟಿ ಬೆಳೆದು, ಅಲ್ಲಿನ ಸಂಬಳದಲ್ಲಿ ಬದುಕುವ ಆಟಗಾರರಿಗೆ. ನನಗೆ ಇದು ಇವತ್ತಿಗೂ ಬೇಜಾರಿನ ವಿಷಯ, ಯಾಕೆಂದರೆ ಸೋರಿಕೆ ತಡೆಯುವುದಕ್ಕೆ ಬೇರೆ ದಾರಿ ಇದೆ. ಬೆಲೆಯನ್ನು ಇಂಟರ್ನೆಟ್ ಸಂಪರ್ಕ ಎಲ್ಲಿಂದ ಅಂತ ಹೇಳುವ ಐಪಿ ವಿಳಾಸಕ್ಕೆ ಕಟ್ಟಬೇಡಿ, ಹಣ ಕೊಡುವ ವಿಧಾನಕ್ಕೆ ಕಟ್ಟಿ. ರೂಪಾಯಿ ಬೆಲೆ ಬೇಕಾದರೆ ಯುಪಿಐ ಅಥವಾ ಇಲ್ಲಿನ ಬ್ಯಾಂಕಿನ ಕಾರ್ಡ್ ಬೇಕು, ಅಷ್ಟೇ. ವಿಪಿಎನ್ ಸುಲಭವಾಗಿ ಸಿಗುತ್ತದೆ, ಬೇರೆ ದೇಶದಲ್ಲಿ ಬ್ಯಾಂಕ್ ಖಾತೆ ಹಾಗೆ ಸಿಗೋದಿಲ್ಲ.

ಯುಪಿಐ ಇಡುವುದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಎಷ್ಟೋ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿನಿಂದಲೇ ಬಂದ್ ಆಗಿರುತ್ತದೆ, ಕ್ರೆಡಿಟ್ ಕಾರ್ಡ್ ಇರುವ ವಿದ್ಯಾರ್ಥಿಗಳು ಕಡಿಮೆ. ಬೆಲೆ ಎಷ್ಟೇ ಇಳಿಸಿ, ಕಟ್ಟುವ ದಾರಿ ಇಲ್ಲದಿದ್ದರೆ ಆ ಗೇಮ್ ಅವರಿಗೆ ಸಿಕ್ಕ ಹಾಗಲ್ಲ.

ಈಗ ನನ್ನ ಕೈಯಲ್ಲಿರುವ ಗೇಮಿನ ಶೀಟಿನಲ್ಲಿ ಭಾರತದ ಸಾಲಿನಲ್ಲಿದ್ದ ಡಾಲರ್ ಗುಣಿಸುವ ಸೂತ್ರ ಅಳಿಸಿ 299 ಅಂತ ಕೈಯಾರೆ ಬರೆದಿದ್ದೇನೆ. ಪಕ್ಕದಲ್ಲಿ ಏಳು ದಿನಕ್ಕೆ 89, ಪರೀಕ್ಷೆ ಮುಗಿಸಿ ಒಂದು ವಾರ ಮಾತ್ರ ಆಡುವವರಿಗೆ. ಯುಗಾದಿ ಹೊತ್ತಿಗೆ ಇನ್ನೊಮ್ಮೆ ರೀಚಾರ್ಜ್ ದರದ ಪಕ್ಕ ಇಟ್ಟು ನೋಡಬೇಕು.