ರಿವಾಲ್ವರ್‌ಗೆ ಎರಡನೇ ಕೈ ಬಂದಿದ್ದು ಹೇಗೆ?

ಖಂಡೆ ಪೂಜೆ ದಿನ ನಮ್ಮ ಕಾಕಾ ಕಪಾಟಿನಿಂದ ಲೈಸೆನ್ಸಿನ ಪಾಯಿಂಟ್ 32 (ಗುಂಡಿನ ಅಳತೆ) ರಿವಾಲ್ವರ್ ತೆಗೆಯುತ್ತಾರೆ. ಗುಂಡು ತುಂಬುವ ಸಿಲಿಂಡರ್ ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ, ಕುಂಕುಮ ಹಚ್ಚಿ, ಒಮ್ಮೆ ಹೊಲದ ಕಡೆ ಕೈ ಚಾಚಿ ನಿಲ್ಲುತ್ತಾರೆ. ಬಲಗೈ ನೆಟ್ಟಗೆ, ಎಡಗೈ ಸೊಂಟದ ಮೇಲೆ. ಎರಡೂ ಕೈ ಹಚ್ಚಿ ಹಿಡೀರಿ ಕಾಕಾ ಅಂದರೆ, "ಇದೇನು ತುಂಬಿದ ಕೊಡ ಏನೋ ತಮ್ಮಾ, ಎರಡೂ ಕೈಲೆ ಹಿಡಿಲಾಕ?" ಅಂತ ನಗುತ್ತಾರೆ.

ಕಲಬುರಗಿಯಲ್ಲಿ ಈ ವಿಷಯ ತೆಗೆದರೆ ನಾಲ್ಕು ಮಂದಿ ನಾಲ್ಕು ಮಾತು ಹೇಳುತ್ತಾರೆ. ರಿಟೈರ್ಡ್ ಪೊಲೀಸರೊಬ್ಬರು ಒಂದು ಕೈ ಸಾಕು ಅಂತಾರೆ. ಈಗಿನ ಹುಡುಗರು ಮೊಬೈಲ್‌ನಲ್ಲಿ ವಿಡಿಯೋ ನೋಡಿ ಎರಡೂ ಹೆಬ್ಬೆರಳು ಮುಂದಕ್ಕೆ ಚಾಚಬೇಕು ಅಂತಾರೆ. ಇನ್ನೊಬ್ಬರು ಕೆಳಗೆ ಅಂಗೈ ಕೊಟ್ಟರೆ ಆಯ್ತು ಅಂತಾರೆ. ಎಲ್ಲರೂ ಎಲ್ಲೋ ಒಂದು ಕಡೆ ನೋಡಿದ್ದನ್ನೇ ಹೇಳುತ್ತಿದ್ದಾರೆ, ಅದಕ್ಕೇ ಇಷ್ಟು ಗೋಜಲು.

ಒಂಟಿ ಕೈ ಚಟಕ್ಕೆ ಕಾರಣ ಕುದುರೆ. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಸಿಲಿಂಡರಿನ ಪಿಸ್ತೂಲಿಗೆ ಪೇಟೆಂಟ್ ಪಡೆದ ಮೇಲೆ ಅದು ಹೆಚ್ಚಾಗಿ ಸವಾರರ, ಅಧಿಕಾರಿಗಳ ಸೊಂಟಕ್ಕೇ ಹೋಯಿತು. ಒಂದು ಕೈಯಲ್ಲಿ ಲಗಾಮು ಇದ್ದರೆ ರಿವಾಲ್ವರಿಗೆ ಉಳಿಯುವುದು ಇನ್ನೊಂದೇ ಕೈ. ನಮ್ಮ ಕಡೆಯೂ 1948ರವರೆಗೆ ನಿಜಾಮರ ಆಳ್ವಿಕೆ, ಅವರ ಕುದುರೆ ಪಡೆ, ಅಂದರೆ ರಿಸಾಲಾದವರು, ಕುದುರೆ ಮೇಲೇ. ಕುದುರೆ ಹೋಯಿತು, ಲಗಾಮು ಹೋಯಿತು, ಖಾಲಿಯಾದ ಎಡಗೈ ಮಾತ್ರ ಸುಮ್ನೆ ಸೊಂಟದ ಮೇಲೆ ಉಳಿಯಿತು. ಒಲಿಂಪಿಕ್ಸ್‌ನಲ್ಲಂತೂ ಇವತ್ತಿಗೂ ಪಿಸ್ತೂಲ್ ಸ್ಪರ್ಧೆಗೆ ಒಂದೇ ಕೈ ಅನ್ನೋದು ನಿಯಮ. 2012ರಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದದ್ದು, 2024ರಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಒಂಟಿ ಕೈಯಲ್ಲೇ. ಆ ಫೋಟೋ ನೋಡಿದವರಿಗೆ ಅದೇ ಸರಿ ಅನ್ನಿಸುತ್ತೆ. ಆದರೆ ಅದು ಆಟ, ಅದರ ಬಂದೂಕೂ ಬೇರೆ, ಹಿಡಿಕೆಯನ್ನು ಕೈಗೆ ತಕ್ಕಂತೆ ಕೆತ್ತಿಸಿಕೊಂಡಿರುತ್ತಾರೆ.

ಎರಡನೇ ಕೈಗೆ ಮರ್ಯಾದೆ ಬಂದದ್ದು 1950ರ ದಶಕದ ಕೊನೆಗೆ. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಲೇಕ್ ಅನ್ನೋ ಊರಲ್ಲಿ ಬಂದೂಕು ಕಲಿಸುತ್ತಿದ್ದ ಜೆಫ್ ಕೂಪರ್ ಮತ್ತು ಗೆಳೆಯರು ಸ್ಪರ್ಧೆ ನಡೆಸುತ್ತಿದ್ದರು. ಸೊಂಟದಿಂದ ಬಂದೂಕು ಎಳೆದು ಯಾರು ಮೊದಲು ಗುರಿ ಹೊಡೆಯುತ್ತಾರೆ ಅನ್ನೋದೇ ಆಟ. ಬಹಳ ಜನ ಸೊಂಟದ ಮಟ್ಟದಿಂದಲೇ ಢಂ ಢಂ ಅನ್ನಿಸಿ ಗುರಿ ತಪ್ಪುತ್ತಿದ್ದರು. ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಮಾತ್ರ ತನ್ನ ಉದ್ದ ನಳಿಗೆಯ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿ ಹೊಡೆದ. ನೋಡೋಕೆ ನಿಧಾನ, ಆದರೆ ಮೊದಲ ಗುಂಡೇ ತಾಗುತ್ತಿತ್ತು. 1959ರಲ್ಲಿ ಗೆದ್ದ. ಬಲಗೈ ಮುಂದಕ್ಕೆ ತಳ್ಳುತ್ತೆ, ಎಡಗೈ ಹಿಂದಕ್ಕೆ ಎಳೆಯುತ್ತೆ, ಮೊಣಕೈ ಸ್ವಲ್ಪ ಬಾಗಿರುತ್ತೆ. ಕೂಪರ್ ಇದನ್ನೇ ಪಾಠ ಮಾಡಿ ಜಗತ್ತಿಗೆ ಹಂಚಿದರು. 1980ರ ದಶಕದ ಹೊತ್ತಿಗೆ ಸ್ಪರ್ಧಿಗಳು ಎರಡೂ ಕೈ ಸಮನಾಗಿ ಚಾಚಿ ನಿಲ್ಲುವ ಭಂಗಿಗೆ ಹೊರಳಿದರು. ಎರಡರಲ್ಲಿ ಯಾವುದು ಮೇಲು ಅನ್ನೋ ಜಗಳ ಇನ್ನೂ ಮುಗಿದಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ವಿಷಯವೂ ಅಲ್ಲ. ಎರಡೂ ಕೈ ಇರುತ್ತಲ್ವಾ, ಸಾಕು.

ಜಾಸ್ತಿ ಜನ ಎಡವೋದು ಬೆರಳುಗಳಲ್ಲಿ. ಎರಡನೇ ಕೈ ಗುಂಡು ಹಾರಿದಾಗಿನ ಒದೆತ ತಡೆಯೋಕೆ ಮಾತ್ರ ಅಂದುಕೊಂಡಿರುತ್ತಾರೆ. ಲೆಕ್ಕ ನೋಡಿ: ಪಾಯಿಂಟ್ 32 ರಿವಾಲ್ವರ್ ತೂಕ ಮುಕ್ಕಾಲು ಕಿಲೋ ಆಸುಪಾಸು. ಹ್ಯಾಮರ್, ಅಂದರೆ ಹಿಂದಿರುವ ಗುಂಡಿಗೆ ಬಡಿಯುವ ಸುತ್ತಿಗೆ, ಅದನ್ನು ಎತ್ತದೆ ನೇರ ಟ್ರಿಗರ್ ಎಳೆದರೆ ಬೇಕಾಗೋ ಬಲ ನಾಲ್ಕೈದು ಕಿಲೋ. ಬಂದೂಕಿಗಿಂತ ಅದರ ಟ್ರಿಗರ್ರೇ ಭಾರ! ಆ ಒಂದು ಬೆರಳು ಎಳೆಯುವಾಗ ಇಡೀ ಕೈ ಹಿಂಡಿಕೊಂಡು ನಳಿಗೆ ಪಕ್ಕಕ್ಕೆ ಹೊರಳುತ್ತೆ. ಎಡಗೈ ಗಟ್ಟಿಯಾಗಿ ಹಿಡಿದರೆ ಬಲಗೈಯ ತೋರುಬೆರಳು ನಿರಾಳವಾಗಿ ತನ್ನ ಕೆಲಸ ಮಾಡುತ್ತೆ.

ಹಿಡಿಯೋದು ಹೀಗೆ. ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದನ್ನು ಹಿಡಿಕೆಯ ಹಿಂಭಾಗದಲ್ಲಿ ಆದಷ್ಟು ಮೇಲೆ ಕೂರಿಸಬೇಕು, ಆದರೆ ಹ್ಯಾಮರ್‌ಗೆ ತಾಗಬಾರದು. ಕೈ ಕೆಳಗಿದ್ದಷ್ಟೂ ಗುಂಡು ಹಾರಿದಾಗ ನಳಿಗೆ ಮೇಲಕ್ಕೆ ಜಾಸ್ತಿ ಹಾರುತ್ತೆ. ಮೂರು ಬೆರಳು ಹಿಡಿಕೆ ಸುತ್ತ. ಎಡಗೈಯ ನಾಲ್ಕು ಬೆರಳು ಆ ಮೂರರ ಮೇಲೆ, ಟ್ರಿಗರ್ ಸುತ್ತಿನ ಬಳೆಯಂಥ ಗಾರ್ಡಿಗೆ ಒತ್ತಿಕೊಂಡು. ಎಡ ಹೆಬ್ಬೆರಳು ಬಲ ಹೆಬ್ಬೆರಳಿನ ಮೇಲೆ ಮಡಚಿ ಕೂರಬೇಕು. ಕೆಳಗೆ ಅಂಗೈ ಕೊಡೋದು ಇದೆಯಲ್ಲ, ಅದು ಕಪ್ಪಿಗೆ ಬಸಿ ಹಿಡಿದಂಗೆ. ಚಹಾ ಚೆಲ್ಲಲ್ಲ ಅಷ್ಟೇ, ನಳಿಗೆ ಮೇಲಕ್ಕೆ ಹಾರೋದು ನಿಲ್ಲಲ್ಲ.

ಇನ್ನು ಹುಡುಗರ ವಿಡಿಯೋ ಹೆಬ್ಬೆರಳು. ಅದು ಗುಂಡು ತುಂಬಿದ ಮ್ಯಾಗಜೀನನ್ನು ಹಿಡಿಕೆಯೊಳಗೆ ಹಾಕುವ ಪಿಸ್ತೂಲಿನ ಪಾಠ. ರಿವಾಲ್ವರಿನಲ್ಲಿ ಸಿಲಿಂಡರ್ ಮತ್ತು ನಳಿಗೆ ನಡುವೆ ಕೂದಲೆಳೆಯಷ್ಟು ಸಂದು ಇರುತ್ತೆ, ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗಲ್ಲ. ಪ್ರತಿ ಗುಂಡಿಗೂ ಆ ಸಂದಿನಿಂದ ಬಿಸಿ ಅನಿಲ, ಸೀಸದ ಪುಡಿ ಪಕ್ಕಕ್ಕೆ ಚಿಮ್ಮುತ್ತೆ. ಅಲ್ಲಿ ಬೆರಳು ಇಟ್ಟರೆ ಸುಡುತ್ತೆ. ದೊಡ್ಡ ಗುಂಡಿನ ರಿವಾಲ್ವರ್ ಆದರೆ ಬೆರಳೇ ಸೀಳುತ್ತೆ.

ಇಷ್ಟನ್ನು ಯಾರು ಹೇಳಿಕೊಡಬೇಕು? 1959ರ ಆರ್ಮ್ಸ್ ಆಕ್ಟ್ ಲೈಸೆನ್ಸ್ ಕೊಡೋದನ್ನು ಹೇಳಿತು. ತರಬೇತಿಯ ಸರ್ಟಿಫಿಕೇಟ್ ಬೇಕು ಅಂತ ಬಂದದ್ದು 2016ರ ನಿಯಮಗಳಲ್ಲಿ. ಕಾಕಾನ ಲೈಸೆನ್ಸ್ ಅದಕ್ಕಿಂತ ಬಹಳ ಹಳೆಯದು. ಅವರಿಗೆ ಕೊಡುವಾಗ ಯಾರೂ ಬೆರಳು ನೋಡಿರಲಿಲ್ಲ. ವರ್ಷಕ್ಕೆ ಇಷ್ಟೇ ಗುಂಡು ಅಂತ ಮಿತಿ ಬೇರೆ, ಅದರಲ್ಲಿ ಅಭ್ಯಾಸಕ್ಕೆ ಅಂತ ಖರ್ಚು ಮಾಡೋರು ಕಡಿಮೆ. ಚುನಾವಣೆ ಬಂದರೆ ರಿವಾಲ್ವರ್ ಠಾಣೆಯಲ್ಲಿ ಠೇವಣಿ, ಮುಗಿದ ಮೇಲೆ ವಾಪಸ್ಸು ಬಂದು ಮತ್ತೆ ಕಪಾಟಿಗೆ. ಹಾಗೆ ನೋಡಿದರೆ ಅದು ಮನೆಗಿಂತ ಠಾಣೆಗೇ ಜಾಸ್ತಿ ಓಡಾಡಿದೆ.

ಹೋದ ದಸರಾಕ್ಕೆ ಮದ್ದಿಲ್ಲದ ಡಮ್ಮಿ ಗುಂಡು ಹಾಕಿಸಿ, ನಳಿಗೆ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬೀಳದಂಗೆ ಟ್ರಿಗರ್ ಎಳೀರಿ ಅಂದೆ. ಒಂಟಿ ಕೈಯಲ್ಲಿ ಮೂರು ಸಲ ಎಳೆದರು, ಮೂರೂ ಸಲ ನಾಣ್ಯ ಅಂಗಳದಲ್ಲಿ. ನಾಲ್ಕನೇ ಸಲ ನನ್ನ ಕಡೆ ನೋಡದೆ, ಸೊಂಟದ ಮೇಲಿದ್ದ ಎಡಗೈ ತೆಗೆದು ಬಲಗೈ ಮೇಲೆ ಸುತ್ತಿದರು. ನಾಣ್ಯ ನಿಂತಿತು. "ಗಾಳಿ ಇತ್ತು ಆಗ" ಅಂದರು.