ಒಂದು ತುತ್ತಿಗಾಗಿ ಇಡೀ ರಾತ್ರಿ: ಬಾರ್ಬೆಕ್ಯೂ ಸ್ಪರ್ಧೆಯ ಅಂಕದಾಟ

ಮೇಜಿನ ಸುತ್ತ ಆರು ಜನ ಕೂತಿದ್ದಾರೆ. ಯಾರೂ ಮಾತಾಡುವುದಿಲ್ಲ. ಪ್ರತಿಯೊಬ್ಬರ ಎದುರು ಒಂದು ಹಾಳೆ, ಪೆನ್ಸಿಲ್, ನೀರು, ಬಾಯಿ ಸಪ್ಪೆ ಮಾಡಿಕೊಳ್ಳಲು ಒಂದಿಷ್ಟು ಬಿಸ್ಕತ್ತು. ಚಮಚ, ಫೋರ್ಕ್ ಇಲ್ಲ, ಕೈಯಲ್ಲೇ ತಿನ್ನಬೇಕು. ಮೇಜಿನ ಉಸ್ತುವಾರಿ ನೋಡುವವರು ಒಂದು ಬಿಳಿ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆರೆದು ಒಬ್ಬೊಬ್ಬರಿಗೂ ತೋರಿಸುತ್ತಾರೆ. ಒಳಗೆ ಹಸಿರು ಸೊಪ್ಪಿನ ಹಾಸು. ಅದರ ಮೇಲೆ ಒಂದೇ ಅಚ್ಚಿನಲ್ಲಿ ತೆಗೆದಂತಿರುವ, ಕೆಂಪಗೆ ಹೊಳೆಯುವ ಆರು ಕೋಳಿ ತೊಡೆ. ನೋಟಕ್ಕೆ ಅಂಕ ಬರೆದಾದ ಮೇಲೆ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ತಲೆಗೊಂದು ತುಂಡು. ರುಚಿ ಹತ್ತಿದರೂ ಹುಬ್ಬು ಏರಿಸುವಂತಿಲ್ಲ, ಕೆಟ್ಟದಾಗಿದ್ದರೂ ಮುಖ ಕಿವುಚುವಂತಿಲ್ಲ. ಪಕ್ಕದವರ ಅಂಕ ಅಲುಗಾಡಬಾರದಲ್ವಾ?

ಇದು ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಯ ತೀರ್ಪಿನ ಮೇಜು. ಬಾರ್ಬೆಕ್ಯೂ ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ಹೋಟೆಲುಗಳಲ್ಲಿ ಮೇಜಿನ ನಡುವೆ ಕೆಂಡ ಇಟ್ಟು, ಕಡ್ಡಿಗೆ ಪನೀರು, ಕೋಳಿ ಚುಚ್ಚಿ ತಂದುಕೊಡುವ ಊಟ. ಟೆಕ್ಸಸ್ ಅಥವಾ ಟೆನೆಸ್ಸಿಯವರಿಗೆ ಅದು ಸುಮ್ನೆ ಸುಡುವುದು, ಅಷ್ಟೇ. ಅವರ ಬಾರ್ಬೆಕ್ಯೂ ಅಂದರೆ ಕಟ್ಟಿಗೆಯ ಹೊಗೆಯಲ್ಲಿ, ಸಣ್ಣ ಬಿಸಿಯಲ್ಲಿ, ಗಂಟೆಗಟ್ಟಲೆ ಬೇಯುವ ಮಾಂಸ. ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗ, ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹನ್ನೆರಡು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಗಟ್ಟಿ ನಾರಿನ, ಒಂದು ಕಾಲಕ್ಕೆ ಅಗ್ಗವಾಗಿದ್ದ ಮಾಂಸ ಅದು. ನಿಧಾನವಾಗಿ ಬೆಂದರೆ ಮಾತ್ರ ಅದರೊಳಗಿನ ಕೊಲಾಜೆನ್ ಕರಗಿ ಅಂಟಂಟು ರಸವಾಗುತ್ತದೆ. ಇಂಥ ಅಡುಗೆಯನ್ನು ಬೆಳೆಸಿದವರಲ್ಲಿ ದಕ್ಷಿಣದ ತೋಟಗಳಲ್ಲಿ ಗುಲಾಮರಾಗಿ ದುಡಿದ ಕರಿಯ ಬಾಣಸಿಗರ ಪಾಲು ದೊಡ್ಡದು. ಆ ಮಾತಿಗೆ ಮತ್ತೆ ಬರುತ್ತೇನೆ.

ಹಿತ್ತಲಿನ ಅಡುಗೆ ಸ್ಪರ್ಧೆಯಾಗಿದ್ದು ಹೇಗೆ? ಶುರುವಿನಲ್ಲೇ ಒಂದು ತಮಾಷೆ ಇದೆ. 1959ರಲ್ಲಿ ಅಲ್ಯೂಮಿನಿಯಂ ಫಾಯಿಲ್ ಮಾರುವ ಕೈಸರ್ ಕಂಪನಿ ಹವಾಯಿಯಲ್ಲಿ ಒಂದು ದೊಡ್ಡ ಸ್ಪರ್ಧೆ ನಡೆಸಿತು. ಭಾಗವಹಿಸಲು ಗಂಡಸರಿಗೆ ಮಾತ್ರ ಅವಕಾಶ. ಮನೆಯೊಳಗಿನ ಒಲೆ ಹೆಂಗಸರದ್ದು, ಹಿತ್ತಲಿನ ಬೆಂಕಿ ಗಂಡಸರದ್ದು ಅನ್ನುವ ಕಾಲ. 1974ರಲ್ಲಿ ಹ್ಯೂಸ್ಟನ್‌ನ ಜಾನುವಾರು ಜಾತ್ರೆಗೆ ಬಾರ್ಬೆಕ್ಯೂ ಸ್ಪರ್ಧೆ ಸೇರಿಕೊಂಡಿತು. 1978ರಲ್ಲಿ ಮೆಂಫಿಸ್ ನಗರದ ಮೇ ಹಬ್ಬದಲ್ಲಿ ಸ್ಪರ್ಧೆ ಶುರುವಾಯಿತು. ಆ ಮೊದಲ ವರ್ಷ ಗೆದ್ದವರು ಬೆಸ್ಸಿ ಲೂ ಕ್ಯಾಥಿ ಎಂಬ ಮಹಿಳೆ, ಬಹುಮಾನ 500 ಡಾಲರ್. ಹತ್ತೊಂಬತ್ತು ವರ್ಷದ ಹಿಂದೆ ಹವಾಯಿಯಲ್ಲಾಗಿದ್ದರೆ ಅವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. 1980ರಲ್ಲಿ ಕ್ಯಾನ್ಸಸ್ ಸಿಟಿಯ ಅಮೆರಿಕನ್ ರಾಯಲ್ ಎಂಬ ಹಳೆಯ ಜಾನುವಾರು ಮೇಳವೂ ಕಣಕ್ಕಿಳಿಯಿತು. ಈಗ ನೂರಾರು ತಂಡಗಳು ಸೇರುವ ಜಾತ್ರೆ ಅದು.

ಆದರೆ ಅಂಕ ಕೊಡುವ ವಿಷಯದಲ್ಲಿ ಮೆಂಫಿಸ್ ಒಂದು ದಾರಿ ಹಿಡಿಯಿತು, ಕ್ಯಾನ್ಸಸ್ ಸಿಟಿ ಇನ್ನೊಂದು.

ಮೆಂಫಿಸ್‌ನಲ್ಲಿ ತೀರ್ಪುಗಾರರು ನೇರವಾಗಿ ನಿಮ್ಮ ಡೇರೆಗೇ ಬರುತ್ತಾರೆ. ಹೆಸರಿಲ್ಲದ ಡಬ್ಬಿಯ ರುಚಿಗೂ ಅಂಕ ಇದೆ, ಆದರೆ ಜೊತೆಗೆ ಈ ಭೇಟಿಯೂ ಇದೆ. ಸುಮಾರು ಹದಿನೈದು ನಿಮಿಷ. ಅಷ್ಟರಲ್ಲಿ ಇಡೀ ಹಂದಿಯನ್ನೋ, ಭುಜದ ಭಾಗವನ್ನೋ ತೋರಿಸಿ, ಯಾವ ಕಟ್ಟಿಗೆ, ಎಷ್ಟು ಹೊತ್ತು, ಯಾವ ಮಸಾಲೆ ಅಂತ ಕಥೆ ಹೇಳಬೇಕು. ಮೇಜಿಗೆ ಶುಭ್ರ ಬಟ್ಟೆ ಹಾಸಿರುತ್ತಾರೆ. ಜಾಗ ಚೊಕ್ಕಟವಾಗಿದೆಯಾ, ನೀವು ನೀಟಾಗಿದ್ದೀರಾ ಅನ್ನುವುದಕ್ಕೂ ಅಂಕ ಇದ್ದ ಪದ್ಧತಿ ಅದು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರನ್ನು ಕೂರಿಸಿ ಉಪಚರಿಸಿದ ಹಾಗೆ! ಮಾತು ಬಲ್ಲವರಿಗೆ ಅಲ್ಲಿ ಅನುಕೂಲ ಜಾಸ್ತಿ.

ಕ್ಯಾನ್ಸಸ್ ಸಿಟಿಯವರು ಬಾಯಿಗೆ ಬೀಗ ಹಾಕಿದರು. 1985ರಲ್ಲಿ ಕೆರೊಲಿನ್ ವೆಲ್ಸ್, ಗ್ಯಾರಿ ವೆಲ್ಸ್, ರಿಕ್ ವೆಲ್ಚ್ ಸೇರಿ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ ಕಟ್ಟಿದರು. ಯಾವುದನ್ನೂ ಗಂಭೀರವಾಗಿ ತಗೊಳ್ಳಬಾರದು ಅನ್ನುವುದೊಂದೇ ಆಗ ಸದಸ್ಯತ್ವದ ಷರತ್ತಾಗಿತ್ತಂತೆ. ಅದೇ ಸಂಸ್ಥೆ ಇವತ್ತು ದಶಮಾಂಶದ ನಂತರ ನಾಲ್ಕು ಅಂಕಿ ಲೆಕ್ಕ ಹಾಕುತ್ತದೆ. ತೀರ್ಪುಗಾರರು ಅರ್ಧ ದಿನದ ತರಗತಿಗೆ ಹೋಗಬೇಕು, ಬಲಗೈ ಎತ್ತಿ ಪ್ರಮಾಣವಚನ ಓದಬೇಕು. ಅದನ್ನು ಬರೆದವರು ಆರ್ಡಿ ಡೇವಿಸ್, ದುಂಡು ಟೋಪಿ ಹಾಕಿಕೊಂಡು ರೀಮಸ್ ಪವರ್ಸ್ ಎಂಬ ಹೆಸರಲ್ಲಿ ಓಡಾಡುವ ಮನುಷ್ಯ. ಸತ್ಯ, ನ್ಯಾಯ, ಬಾರ್ಬೆಕ್ಯೂವಿನ ಹಿರಿಮೆ, ಅಮೆರಿಕದ ಜೀವನಕ್ರಮ ಎಲ್ಲವೂ ಆ ಪ್ರಮಾಣದಲ್ಲಿದೆ. ಅರ್ಧ ತಮಾಷೆ, ಅರ್ಧ ನಿಜ. ಈ ಕೆಲಸಕ್ಕೆ ಸಂಬಳ ಇಲ್ಲ. ಸ್ವಂತ ಪೆಟ್ರೋಲ್ ಸುಟ್ಟುಕೊಂಡು ಬರುತ್ತಾರೆ.

ಇಲ್ಲಿ ನಾಲ್ಕು ಮಾಂಸ, ನಾಲ್ಕು ಹೊತ್ತು. ಮಾಮೂಲಿಯಾಗಿ 12 ಗಂಟೆಗೆ ಕೋಳಿ, 12.30ಕ್ಕೆ ಹಂದಿಯ ಪಕ್ಕೆಲುಬು, 1ಕ್ಕೆ ಹಂದಿಯ ಭುಜ, 1.30ಕ್ಕೆ ಬ್ರಿಸ್ಕೆಟ್. ಐದು ನಿಮಿಷ ಮುಂಚೆಯಿಂದ ಐದು ನಿಮಿಷ ತಡದವರೆಗೆ ಅವಕಾಶ. ಆಮೇಲೆ ತಂದರೆ ರಾತ್ರಿಯಿಡೀ ಕಾದ ಕೆಲಸ ನೀರುಪಾಲು. ಡಬ್ಬಿಯ ಮೇಲೆ ತಂಡದ ಸಂಖ್ಯೆ ಇರುತ್ತದೆ. ಕೊಟ್ಟ ಕೂಡಲೇ ಅದರ ಮೇಲೆ ಬೇರೆ ಸಂಖ್ಯೆ ಬೀಳುತ್ತದೆ. ಯಾರ ಡಬ್ಬಿ ಯಾವ ಮೇಜಿಗೆ ಹೋಯಿತು ಅಂತ ಬಾಣಸಿಗನಿಗೂ ಗೊತ್ತಾಗಬಾರದು, ತೀರ್ಪುಗಾರನಿಗೂ ಗೊತ್ತಾಗಬಾರದು. ಡಬ್ಬಿಯೊಳಗೆ ಗುರುತು ಹಿಡಿಯುವಂಥದ್ದು ಏನಿದ್ದರೂ ಆಟದಿಂದ ಹೊರಗೆ. ಒಂದು ಡಬ್ಬಿಯನ್ನು ಇನ್ನೊಂದರ ಜೊತೆ ಹೋಲಿಸುವುದೂ ತಪ್ಪು. ಪ್ರತಿಯೊಂದಕ್ಕೂ ಅದರದೇ ಅಂಕ.

ಅಂಕದ ಲೆಕ್ಕ ನನಗೆ ಮಾಂಸಕ್ಕಿಂತ ಹೆಚ್ಚು ರುಚಿಸಿದ ಭಾಗ. 9 ಅಂದರೆ ಅತ್ಯುತ್ತಮ, 2 ಅಂದರೆ ಬಾಯಿಗಿಡಲಾಗದ್ದು. 1 ಬಿದ್ದರೆ ಅದು ನಿಯಮ ಮುರಿದದ್ದಕ್ಕೆ. ನೋಟ, ರುಚಿ, ಮೃದುತ್ವ ಮೂರಕ್ಕೂ ಅಂಕ ಇದೆ, ಆದರೆ ಮೂರರ ತೂಕ ಒಂದೇ ಅಲ್ಲ. ನೋಟದ ಅಂಕವನ್ನು 0.5600ರಿಂದ ಗುಣಿಸುತ್ತಾರೆ, ರುಚಿಯದ್ದನ್ನು 2.2972ರಿಂದ, ಮೃದುತ್ವದ್ದನ್ನು 1.1428ರಿಂದ. ಮೂರನ್ನೂ ಕೂಡಿಸಿದರೆ ಸರಿಯಾಗಿ 4. ಹಾಗಾಗಿ ಮೂರಕ್ಕೂ 9 ಕೊಟ್ಟ ತೀರ್ಪುಗಾರನಿಂದ 36 ಬರುತ್ತದೆ. ಆರು ಜನರಲ್ಲಿ ಅತಿ ಕಡಿಮೆ ಕೊಟ್ಟವನದ್ದನ್ನು ತೆಗೆದುಬಿಡುತ್ತಾರೆ. ಉಳಿದ ಐವರಿಂದ ಒಂದು ಮಾಂಸಕ್ಕೆ ಪೂರ್ಣಾಂಕ 180, ನಾಲ್ಕಕ್ಕೂ ಸೇರಿ 720.

ಇಂಥ ವಿಚಿತ್ರ ಸಂಖ್ಯೆಗಳಿಂದ ಸಮ ಅಂಕ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಒಬ್ಬ ತೀರ್ಪುಗಾರ ಸಿಡುಕನಾಗಿದ್ದು ಎಲ್ಲಕ್ಕೂ 7 ಕೊಟ್ಟ ಅನ್ನಿ, ಉಳಿದ ಐವರು 9 ಕೊಟ್ಟರೆ ಅವನ ಅಂಕ ಕಸದ ಬುಟ್ಟಿಗೆ, ನಿಮಗೆ 180. ಆದರೆ ಇಬ್ಬರು ರುಚಿಗೆ 8 ಕೊಟ್ಟರೆ? ಒಬ್ಬನದ್ದು ಮಾತ್ರ ಬಿಟ್ಟುಹೋಗುತ್ತದೆ, ಇನ್ನೊಬ್ಬನದ್ದು ಉಳಿಯುತ್ತದೆ. 177.7028. ಒಳ್ಳೆಯ ತಂಡಗಳು ತುಂಬಿದ ಕಣದಲ್ಲಿ ಅಷ್ಟರಿಂದಲೇ ಎಷ್ಟೋ ಸ್ಥಾನ ಕೆಳಗಿಳಿಯಬಹುದು. ಕೈ ಬಿಗಿ ಇರುವವರೇ ಸೇರಿದ ಮೇಜಿಗೆ ಬಾಣಸಿಗರು 'ಸಾವಿನ ಮೇಜು' ಅಂತಲೇ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಪರೀಕ್ಷೆ ಬರೆದವರು, ಪೇಪರು ಬಿಗಿ ಕೈಯವರ ಹತ್ತಿರ ಹೋಯ್ತು ಅಂತ ಗೊಣಗುತ್ತಾರಲ್ಲ, ಥೇಟ್ ಹಾಗೇ.

ಈ ಪದ್ಧತಿ ನ್ಯಾಯವಾದದ್ದೇ. ಆದರೆ ನನಗೆ ಅನ್ನಿಸುವುದು ಬೇರೆ. ಅಂಕ ಅಡುಗೆಯನ್ನು ಅಳೆಯಲು ಬಂತು, ಕೊನೆಗೆ ಅಡುಗೆಯೇ ಅಂಕದ ಅಳತೆಗೆ ಹೊಲಿದ ಅಂಗಿಯಾಯಿತು.

ಕೋಳಿಯನ್ನೇ ನೋಡಿ. ಹೊಗೆಯಲ್ಲಿ ನಿಧಾನ ಬೆಂದರೆ ಅದರ ಚರ್ಮ ರಬ್ಬರಾಗುತ್ತದೆ. ತೀರ್ಪುಗಾರ ಕಚ್ಚಿದಾಗ ಇಡೀ ಚರ್ಮ ಎಳೆದುಕೊಂಡು ಬಂದರೆ ಅಂಕ ಹೋಯಿತು. ಅದಕ್ಕೆ ಹಿಂದಿನ ದಿನವೇ ತೊಡೆಯ ಚರ್ಮ ಸುಲಿದು, ಒಳಗಿನ ಕೊಬ್ಬನ್ನು ಚಾಕುವಿನಲ್ಲಿ ಕೆರೆದು ತೆಗೆದು, ತೆಳ್ಳಗೆ ಮಾಡಿ, ಮತ್ತೆ ಮಾಂಸಕ್ಕೆ ಸುತ್ತುತ್ತಾರೆ. ಎಲುಬು, ಅಂಚು ಕತ್ತರಿಸಿ ಎಲ್ಲ ತುಂಡೂ ಒಂದೇ ಗಾತ್ರ. ಕೆಲವರು ಕೇಕ್ ತಟ್ಟೆಯ ಕುಳಿಗಳಲ್ಲಿಟ್ಟು ಉಂಡೆ ಆಕಾರ ಬರಿಸುತ್ತಾರೆ. ಒಂದು ತುಂಡಿಗೆ ಹಲವು ನಿಮಿಷ ಹಿಡಿಯುತ್ತದೆ. ಮನೆಯಲ್ಲಿ ನೆಂಟರಿಗೆ ಯಾರಾದರೂ ಹೀಗೆ ಮಾಡುತ್ತಾರಾ?

ಪಕ್ಕೆಲುಬಿನದ್ದು ಇನ್ನೊಂದು ಕಥೆ. ಹೋಟೆಲುಗಳು 'ಎಲುಬಿನಿಂದ ಕಳಚಿ ಬೀಳುತ್ತದೆ' ಅಂತ ಜಾಹೀರಾತು ಕೊಡುತ್ತವೆ. ಸ್ಪರ್ಧೆಯಲ್ಲಿ ಕಳಚಿ ಬಿದ್ದರೆ ಜಾಸ್ತಿ ಬೆಂದಿದೆ ಅಂತ ಅರ್ಥ. ಕಚ್ಚಿದ ಜಾಗದ ಮಾಂಸ ಮಾತ್ರ ಬರಬೇಕು, ಹಲ್ಲಿನ ಗುರುತು ಉಳಿಯಬೇಕು. ಅಡುಗೆಯ ನಡುವೆ ಬೆಣ್ಣೆಯಂಥ ಮಾರ್ಗರೀನ್, ಕಂದು ಸಕ್ಕರೆ, ಜೇನು ಸುರಿದು ಫಾಯಿಲ್‌ನಲ್ಲಿ ಸುತ್ತಿಡುವುದು ರೂಢಿ. ಹವಾಯಿಯ ಆ ಫಾಯಿಲ್ ಕಂಪನಿ ಕೊನೆಗೂ ಗೆದ್ದಿತು ಅನ್ನಬಹುದು. ಬ್ರಿಸ್ಕೆಟ್‌ಗೆ ಪರೀಕ್ಷೆ ಬೇರೆ. ಸೀಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬಿಡಬೇಕು, ಎತ್ತಿದ ಕೂಡಲೇ ಪುಡಿಯಾಗಬಾರದು. ಅಂಚಿನ ಗುಲಾಬಿ ಬಣ್ಣದ ಹೊಗೆ ಉಂಗುರ ಕಣ್ಣಿಗೆ ಚೆಂದ, ಆದರೆ ಅದಕ್ಕೆ ಅಂಕ ಕೊಡಬೇಡಿ ಅಂತ ತರಗತಿಯಲ್ಲೇ ಹೇಳುತ್ತಾರೆ. ನೈಟ್ರೈಟ್ ಬೆರೆತ ಉಪ್ಪು ಸವರಿದರೆ ಹೊಗೆಯೇ ಇಲ್ಲದೆಯೂ ಆ ಬಣ್ಣ ಬರುತ್ತದೆ.

ತೀರ್ಪುಗಾರ ಎಷ್ಟು ತಿನ್ನುತ್ತಾನೆ? ಒಂದು ಮೇಜಿಗೆ ಆರರಂತೆ ಡಬ್ಬಿ ಬಂದರೆ ನಾಲ್ಕು ಮಾಂಸಕ್ಕೆ ಇಪ್ಪತ್ತನಾಲ್ಕು ತುಂಡು. ಎಲ್ಲ ಮುಗಿಸಿದರೆ ಆಸ್ಪತ್ರೆ ಸೇರಬೇಕಾದೀತು. ಹಾಗಾಗಿ ಒಂದೋ ಎರಡೋ ತುತ್ತು, ಉಳಿದದ್ದು ಮನೆಗೆ. ಆ ಒಂದೇ ತುತ್ತಿನಲ್ಲಿ ಸಿಹಿ, ಉಪ್ಪು, ಖಾರ, ಹೊಗೆ ಎಲ್ಲ ಒಟ್ಟಿಗೆ ಸಿಡಿಯಬೇಕು. ಅದಕ್ಕೇ ಸೂಜಿಯಲ್ಲಿ ಮಾಂಸದೊಳಗೆ ಮಸಾಲೆ ನೀರು ಚುಚ್ಚುವುದು, ಸಿಹಿ ಸಾಸಿನ ಹೊಳಪು, ವಾಗ್ಯು ಎಂಬ ಜಪಾನಿ ತಳಿಯ ದನದ ದುಬಾರಿ ಬ್ರಿಸ್ಕೆಟ್. ಯಾರಿಗೂ ಬೇಡ ಅನ್ನಿಸದ ರುಚಿ ಗೆಲ್ಲುತ್ತದೆ, ಯಾರೋ ಒಬ್ಬರಿಗೆ ಹುಚ್ಚು ಹಿಡಿಸುವ ರುಚಿ ಸೋಲುತ್ತದೆ. ಗೆದ್ದವರು ತರಗತಿ ನಡೆಸಿ ಗುಟ್ಟು ಕಲಿಸುತ್ತಾರೆ. 2009ರಲ್ಲಿ ಟಿವಿಯಲ್ಲಿ ಸ್ಪರ್ಧೆಗಳ ರಿಯಾಲಿಟಿ ಶೋ ಬಂದು ಮೈರನ್ ಮಿಕ್ಸನ್‌ರಂಥ ಸ್ಪರ್ಧಿಗಳು ಮನೆಮಾತಾದ ಮೇಲಂತೂ ಕಲಿಯುವವರ ಸಂಖ್ಯೆ ಬೆಳೆಯಿತು. ಕ್ಯಾನ್ಸಸ್‌ನ ಡಬ್ಬಿಗೂ ಜಾರ್ಜಿಯಾದ ಡಬ್ಬಿಗೂ ವ್ಯತ್ಯಾಸ ಹುಡುಕುವುದು ಕಷ್ಟವಾಯಿತು.

ಖರ್ಚಿನ ಮಾತೂ ಇದೆ. ಪ್ರವೇಶ ಶುಲ್ಕ, ಮಾಂಸ, ಟ್ರೇಲರ್, ಪೆಟ್ರೋಲ್ ಸೇರಿದರೆ ಇದು ಹಣವಂತರ ವಾರಾಂತ್ಯದ ಹವ್ಯಾಸ. ಕಣದಲ್ಲಿ ಬಿಳಿಯರೇ ಜಾಸ್ತಿ. ಕ್ಯಾನ್ಸಸ್ ಸಿಟಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ಬಾರ್ಬೆಕ್ಯೂ ಮಾರಲು ಶುರುಮಾಡಿ, ಆ ಊರಿಗೆ ಈ ಹೆಸರು ತಂದ ಹೆನ್ರಿ ಪೆರಿ ಕರಿಯರು. ಆದರೂ ಬಾರ್ಬೆಕ್ಯೂ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಯಲ್ಲಿ ಕರಿಯರ ಹೆಸರು ತೀರಾ ಕಡಿಮೆ ಅನ್ನುವ ದೂರು ಬಹಳ ಕಾಲ ಕೇಳಿಬಂತು. ದೂರಿನಲ್ಲಿ ಹುರುಳಿತ್ತು.

ಎಲ್ಲರೂ ಈ ದಾರಿಗೆ ಬಂದಿಲ್ಲ. ಟೆಕ್ಸಸ್‌ನ ಸಂಘದ ಸ್ಪರ್ಧೆಗಳಲ್ಲಿ ಡಬ್ಬಿಗೆ ಸೊಪ್ಪಿಲ್ಲ, ಅಲಂಕಾರವಿಲ್ಲ. ಕೋಳಿಯನ್ನು ಅರ್ಧ ಸೀಳಿ ಹಾಗೇ ಇಡಬೇಕು. ಎಷ್ಟೋ ಕಡೆ ಜಾತ್ರೆಗೆ ಬಂದ ಜನರನ್ನೇ ಕರೆದು ತೀರ್ಪಿಗೆ ಕೂರಿಸುತ್ತಾರೆ. ಇತ್ತ ಮೆಂಫಿಸ್‌ನಲ್ಲಿ 2024ರಲ್ಲಿ ಊರೇ ಎರಡಾಯಿತು. ಮಿಸಿಸಿಪ್ಪಿ ದಂಡೆಯ ಟಾಮ್ ಲೀ ಪಾರ್ಕ್ ಬಿಟ್ಟು ಹಳೆಯ ಸ್ಪರ್ಧೆ ಲಿಬರ್ಟಿ ಪಾರ್ಕಿಗೆ ಹೋಯಿತು. ಅದೇ ನದಿ ದಂಡೆಯಲ್ಲಿ ಸ್ಮೋಕ್‌ಸ್ಲ್ಯಾಮ್ ಎಂಬ ಹೊಸ ಸ್ಪರ್ಧೆ ಎದ್ದು ನಿಂತಿತು.

ಕ್ಯಾನ್ಸಸ್ ಸಿಟಿಯ ಡಬ್ಬಿಗಳಲ್ಲಿ ಮಾತ್ರ ಸೊಪ್ಪು ಹೋಗಿಲ್ಲ. ಲೆಟ್ಯೂಸ್, ಪಾರ್ಸ್ಲಿ, ಕೇಲ್, ನಮ್ಮ ಕೊತ್ತಂಬರಿ ಸೊಪ್ಪಿಗೂ ಅನುಮತಿ ಇದೆ. ಕೆಂಪು ಅಂಚಿನ ಲೆಟ್ಯೂಸ್ ಕಂಡರೆ ನೋಟಕ್ಕೆ 1. ಸೊಪ್ಪು ಹಾಕಲೇಬೇಕು ಅಂತಿಲ್ಲ, ಹಾಕಿದರೆ ಅಂಕವೂ ಇಲ್ಲ, ನೋಡಬೇಕಾದದ್ದು ಮಾಂಸ ಮಾತ್ರ ಅಂತ ನಿಯಮ ಸ್ಪಷ್ಟವಾಗಿದೆ. ಆದರೂ ಶುಕ್ರವಾರ ರಾತ್ರಿ ಬೆಂಕಿ ಹಚ್ಚುವ ಮುಂಚೆ ತಂಡದವರೊಬ್ಬರು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂರುತ್ತಾರೆ. ಪಾರ್ಸ್ಲಿಯ ತುದಿಗಳನ್ನು ಒಂದೊಂದಾಗಿ ಚಿವುಟಿ, ಲೆಟ್ಯೂಸಿನ ಮೇಲೆ ಒತ್ತೊತ್ತಾಗಿ ನೆಟ್ಟು, ಕತ್ತರಿಯಲ್ಲಿ ಮಟ್ಟ ಮಾಡುತ್ತಾರೆ. ಅಂಥವು ನಾಲ್ಕು ಡಬ್ಬಿ. ಯಾಕೆ ಅಂದರೆ, ಪಕ್ಕದ ಡೇರೆಯವರೂ ಅದನ್ನೇ ಮಾಡುತ್ತಿದ್ದಾರೆ.